ಮುಂಬಯಿ–ಬಜಪೆ ವಾಯುಮಾರ್ಗ: ದೂರದ ಲೆಕ್ಕ, ಕಾಲದ ಚರಿತ್ರೆ

ಎರಡು ಊರುಗಳ ನಡುವೆ ಎಷ್ಟು ದೂರವೆಂದು ಕೇಳಿದವರಿಗೆ ಹಿಂದಿನ ಕಾಲದ ಹಿರಿಯರು ಹರದಾರಿ, ಗಾವುದಗಳ ಲೆಕ್ಕದಲ್ಲಿ ಉತ್ತರ ಹೇಳುತ್ತಿದ್ದರು. ಇಲ್ಲವೆ ‘ಒಂದು ದಿನದ ದಾರಿ’, ‘ಮೂರು ಮಜಲು’ ಎಂದು ಕಾಲವನ್ನೇ ಅಳತೆಗೋಲಾಗಿ ಮಾಡಿಕೊಳ್ಳುತ್ತಿದ್ದರು. ಭೂಮಾಪನ ಶಾಸ್ತ್ರವು ಬೆಳೆದ ಮೇಲೆ ದೂರ ಬೇರೆ, ಕಾಲ ಬೇರೆ ಎಂಬ ಭಾವನೆ ನೆಲೆಗೊಂಡಿತು. ಆದರೆ ಪ್ರಯಾಣಿಕನ ಅನುಭವದಲ್ಲಿ ಅವೆರಡೂ ಇಂದಿಗೂ ಬೇರೆಯಾಗಿಲ್ಲ. ಮುಂಬಯಿಯ ಸಾಂತಾಕ್ರೂಜ್ ವಿಮಾನ ನಿಲ್ದಾಣಕ್ಕೂ ಮಂಗಳೂರಿನ ಬಳಿಯ ಬಜಪೆ ನಿಲ್ದಾಣಕ್ಕೂ ನಡುವಣ ಅಂತರದ ಇತಿಹಾಸವನ್ನು ಪರಿಶೀಲಿಸಿದಲ್ಲಿ ಈ ಮಾತು ಸ್ಪಷ್ಟವಾಗುತ್ತದೆ.

ಸಾಂತಾಕ್ರೂಜ್ ನಿಲ್ದಾಣವು ಉತ್ತರ ಅಕ್ಷಾಂಶ 19 ಡಿಗ್ರಿಗಿಂತ ತುಸು ಮೇಲೆಯೂ, ಬಜಪೆಯು 13 ಡಿಗ್ರಿಗಿಂತ ತುಸು ಕೆಳಗೂ ಇವೆ. ರೇಖಾಂಶದಲ್ಲಿ ಬಜಪೆಯು ಸುಮಾರು 2 ಡಿಗ್ರಿಗಳಷ್ಟು ಪೂರ್ವಕ್ಕಿದೆ. ಈ ಎರಡು ಬಿಂದುಗಳನ್ನು ಭೂಗೋಲದ ಮೇಲೆ ಅತಿ ಹತ್ತಿರದ ರೇಖೆಯಿಂದ ಜೋಡಿಸಿದರೆ ದೊರೆಯುವ ದೂರವು ಸುಮಾರು 712 ಕಿಲೋಮೀಟರು, ಅಂದರೆ 440 ಮೈಲಿಗಳಿಗೆ ಸ್ವಲ್ಪ ಹೆಚ್ಚು. ಆ ರೇಖೆಯು ಕೊಂಕಣದ ಒಳನಾಡನ್ನು ಹಾಯ್ದು, ಸಾವಂತವಾಡಿಯ ಸಮೀಪದಿಂದ ಗೋವೆಯ ಮೇಲೆ ಸಾಗಿ, ಕಾರವಾರವನ್ನು ಬಲಕ್ಕೆ ಬಿಟ್ಟು, ಭಟ್ಕಳ, ಉಡುಪಿಗಳ ಬಳಿಯಲ್ಲಿ ಹಾದು ಬಜಪೆಯ ಗುಡ್ಡವನ್ನು ಮುಟ್ಟುತ್ತದೆ. ಈ ದೂರವು 1951ರಲ್ಲಿ ಎಷ್ಟಿದ್ದಿತೋ ಇಂದಿಗೂ ಅಷ್ಟೇ ಇದೆ. ಬದಲಾದುದು ಅದನ್ನು ಕ್ರಮಿಸಲು ತಗಲುವ ಕಾಲ. ಆ ಕಾಲವು ಏತಕ್ಕೆ, ಯಾವಾಗ, ಯಾರ ಪಾಲಿಗೆ ಕಡಿಮೆಯಾಯಿತು ಎಂಬುದೇ ಇಲ್ಲಿ ವಿಚಾರಣೀಯವಾದ ಪ್ರಶ್ನೆ.

ಮುಂಬಯಿಯಲ್ಲಿ ನೆಲೆಸಿದ ಕರಾವಳಿಯವರ ಬಾಳಿನಲ್ಲಿ ಈ ಪ್ರಶ್ನೆಗೆ ಇದ್ದ ಮಹತ್ತ್ವವನ್ನು ಅರಿಯಲು ಒಂದು ನಿದರ್ಶನ ಸಾಕು. ಊರಿನಲ್ಲಿ ತಂದೆಯೋ ತಾಯಿಯೋ ತೀರಿಕೊಂಡರೆಂಬ ತಂತಿ ಒಂದೇ ದಿನದಲ್ಲಿ ಮುಂಬಯಿಯನ್ನು ಮುಟ್ಟುತ್ತಿದ್ದಿತು. ತಂತಿಯನ್ನು ಕೈಯಲ್ಲಿ ಹಿಡಿದ ಮಗ ಮಾತ್ರ ಊರನ್ನು ಮುಟ್ಟುವ ಹೊತ್ತಿಗೆ ಚಿತೆಯ ಬೂದಿ ಆರಿರುತ್ತಿದ್ದಿತು. ಸುದ್ದಿಯ ವೇಗಕ್ಕೂ ಮನುಷ್ಯನ ವೇಗಕ್ಕೂ ನಡುವಣ ಈ ಅಂತರವು ಮುಂಬಯಿ ಕನ್ನಡಿಗರ ಎಷ್ಟೋ ಮನೆತನಗಳಲ್ಲಿ ಮಾಯದ ನೋವಾಗಿ ಉಳಿದಿದೆ.

1

ವಿಮಾನವು ಬರುವುದಕ್ಕೆ ಮೊದಲು ದಕ್ಷಿಣ ಕನ್ನಡದಿಂದ ಮುಂಬಯಿಗೆ ಮೂರು ದಾರಿಗಳಿದ್ದುವು. ಮೊದಲನೆಯದು ಕಡಲ ದಾರಿ. ಪಶ್ಚಿಮ ತೀರದ ಬಂದರುಗಳನ್ನು ಒಂದಾದ ಮೇಲೊಂದು ಮುಟ್ಟುತ್ತ ಸಾಗುತ್ತಿದ್ದ ಉಗಿಹಡಗುಗಳಲ್ಲಿ ಡೆಕ್ಕಿನ ಮೇಲೆ ಚಾಪೆ ಹಾಸಿಕೊಂಡು, ಬುತ್ತಿ ಕಟ್ಟಿಕೊಂಡು ಹೋದವರು ಅಸಂಖ್ಯರು. ಮುಂಬಯಿಯ ಖಾನಾವಳಿಗಳಲ್ಲಿ, ಹೋಟೆಲುಗಳಲ್ಲಿ ಹಗಲು ದುಡಿದು ಕೋಟೆ ಪ್ರದೇಶದ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದ ಹಳೆಯ ತಲೆಮಾರಿನ ಅನೇಕರು ಈ ದಾರಿಯಿಂದಲೇ ಬಂದವರು. ಆದರೆ ನೈಋತ್ಯ ಮಾರುತದ ಮಳೆಗಾಲದಲ್ಲಿ ಕಡಲು ಮುನಿದು ನಿಂತಾಗ ಈ ಸಂಚಾರ ಸ್ಥಗಿತವಾಗುತ್ತಿದ್ದಿತು. ವರ್ಷದಲ್ಲಿ ಕೆಲವು ತಿಂಗಳು ಊರಿಗೂ ಮುಂಬಯಿಗೂ ಕಡಲಿನ ನಂಟು ಕಡಿದಂತೆಯೇ ಸರಿ.

ಎರಡನೆಯದು ರೈಲು ದಾರಿ. ಮಂಗಳೂರಿಗೆ ರೈಲು 1907ರಲ್ಲಿ ಬಂದಿತು. ಆದರೆ ಅದು ಬಂದುದು ದಕ್ಷಿಣದಿಂದ, ಮಲಬಾರಿನ ಕಡೆಯಿಂದ. ಆಗಿನ ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ್ದುದರಿಂದ ಜಿಲ್ಲೆಯ ರೈಲೂ ರಾಜಧಾನಿಯಾದ ಮದರಾಸಿನ ಕಡೆಗೇ ಮುಖಮಾಡಿದ್ದುದು ಸಹಜವೇ. ಮುಂಬಯಿಗೆ ಹೋಗತಕ್ಕವನು ಮೊದಲು ಮುಂಬಯಿಗೆ ಬೆನ್ನು ತಿರುಗಿಸಿ ದಕ್ಷಿಣಕ್ಕೆ ಸಾಗಿ, ಪಾಲಘಾಟಿನ ಕಣಿವೆಯಲ್ಲಿ ಪೂರ್ವಕ್ಕೆ ಹೊರಳಿ, ತಮಿಳುನಾಡನ್ನು ಹಾಯ್ದು, ರಾಯಲಸೀಮೆಯ ಮೂಲಕ ವಾಯವ್ಯಕ್ಕೆ ಏರಿ ಹೋಗಬೇಕಾಗಿದ್ದಿತು. ಈ ಬಳಸುದಾರಿಯ ಉದ್ದ ಸುಮಾರು 2,040 ಕಿಲೋಮೀಟರು. ಹಕ್ಕಿ ಹಾರುವ ದೂರದ ಸುಮಾರು ಮೂರು ಪಟ್ಟು! ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ, ರೈಲುಗಳ ವೇಗ ಹೆಚ್ಚಿದ ಮೇಲೆ ಕೂಡ, ಈ ದಾರಿಗೆ ಸುಮಾರು 41 ಗಂಟೆಗಳು ಬೇಕಾಗುತ್ತಿದ್ದುವು.

ಮೂರನೆಯದು ರಸ್ತೆ. ತೀರವನ್ನು ಹಿಡಿದು ನೇರವಾಗಿ ಉತ್ತರಕ್ಕೆ ಹೋಗುವುದಕ್ಕೆ ಎರಡು ಅಡ್ಡಿಗಳಿದ್ದುವು. ಘಟ್ಟದಿಂದಿಳಿದು ಕಡಲನ್ನು ಸೇರುವ ಹೊಳೆಗಳು ಒಂದಲ್ಲ, ಎರಡಲ್ಲ. ಸೇತುವೆಯಿಲ್ಲದ ಕಡೆಗಳಲ್ಲಿ ದೋಣಿಯನ್ನೇ ನಂಬಬೇಕಾಗಿದ್ದಿತು. ಅವೆಲ್ಲವನ್ನೂ ದಾಟಿದರೂ ಮುಂದೆ ಪೋರ್ತುಗೀಜರ ಗೋವೆ ಅಡ್ಡವಾಗಿದ್ದಿತು. 1955ರಲ್ಲಿ ಗೋವಾ ಗಡಿಯ ಸಂಚಾರವು ಬಹುಮಟ್ಟಿಗೆ ನಿಂತುಹೋಯಿತು. 1961ರ ದಶಂಬರದಲ್ಲಿ ಗೋವೆಯು ವಿಮೋಚನೆ ಹೊಂದುವ ತನಕ ಆ ಬಾಗಿಲು ತೆರೆಯಲಿಲ್ಲ. ಆದುದರಿಂದ ಮೋಟಾರಿನಲ್ಲಿ ಬರುವವರು ಘಟ್ಟವನ್ನು ಹತ್ತಿ, ಹುಬ್ಬಳ್ಳಿ, ಬೆಳಗಾವಿ, ಕೊಲ್ಲಾಪುರ, ಪುಣೆಗಳ ಮಾರ್ಗವಾಗಿ ಮುಂಬಯಿಯನ್ನು ಸೇರುತ್ತಿದ್ದರು.

ಮೇಲೆ ಹೇಳಿದ ಸರಳರೇಖೆಯನ್ನು 1951ರ ನಕ್ಷೆಯ ಮೇಲೆ ಎಳೆದು ನೋಡಿದರೆ ಒಂದು ವಿಶೇಷ ಕಾಣುತ್ತದೆ. ಆ ರೇಖೆಯು ಮುಂಬಯಿ ರಾಜ್ಯದಲ್ಲಿ ಹೊರಟು, ಪೋರ್ತುಗೀಜರ ನೆಲವನ್ನು ಹಾಯ್ದು, ಮತ್ತೆ ಮುಂಬಯಿ ರಾಜ್ಯಕ್ಕೆ ಸೇರಿದ್ದ ಉತ್ತರ ಕನ್ನಡವನ್ನು ಪ್ರವೇಶಿಸಿ, ಮದರಾಸು ರಾಜ್ಯದ ದಕ್ಷಿಣ ಕನ್ನಡದಲ್ಲಿ ಕೊನೆಗೊಳ್ಳುತ್ತಿದ್ದಿತು. ಒಂದೇ ಕರಾವಳಿಯ ಎರಡು ಕನ್ನಡ ಜಿಲ್ಲೆಗಳು ಎರಡು ರಾಜ್ಯಗಳಲ್ಲಿದ್ದುವು. 1956ರ ನವೆಂಬರ್ 1ರಂದು ಅವೆರಡೂ ಮೈಸೂರು ರಾಜ್ಯದಲ್ಲಿ ಒಂದಾದುವು. ಕರಾವಳಿಯುದ್ದಕ್ಕೂ ನೇರವಾದ ದಾರಿಯೊಂದು ಅಷ್ಟು ತಡವಾಗಿ ಬಂದುದಕ್ಕೆ ಹೊಳೆಗಳೂ ಘಟ್ಟಗಳೂ ಎಷ್ಟು ಕಾರಣವೋ ಈ ಆಡಳಿತದ ಎಲ್ಲೆಗಳೂ ಅಷ್ಟೇ ಕಾರಣವೆಂದು ಹೇಳಬಹುದಾಗಿದೆ.

2

ಮುಂಬಯಿಯಿಂದ ಕನ್ನಡ ನಾಡಿಗೆ ವಾಯುಮಾರ್ಗದ ನಂಟು ಬೆಳೆದುದು ಮಾತ್ರ ಮೊದಲು ಕರಾವಳಿಯಲ್ಲಲ್ಲ, ಬಳ್ಳಾರಿಯಲ್ಲಿ. 1932ನೆಯ ಇಸವಿ ಅಕ್ಟೋಬರ್ 15ರಂದು ಜೆ. ಆರ್. ಡಿ. ತಾತಾ ಅವರು ಕರಾಚಿಯಿಂದ ಟಪಾಲಿನ ಚೀಲಗಳನ್ನು ಹೊತ್ತು, ಅಹಮದಾಬಾದಿನಲ್ಲಿ ಇಳಿದು, ಮುಂಬಯಿಯ ಜುಹೂ ಮೈದಾನಕ್ಕೆ ಬಂದುದು ಭಾರತೀಯ ವಿಮಾನಯಾನದ ಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ಅಲ್ಲಿಂದ ಮುಂದಕ್ಕೆ ಟಪಾಲನ್ನು ಒಯ್ದವನು ತಾತಾ ಅವರ ಸಹೋದ್ಯೋಗಿ ನೆವಿಲ್ ವಿನ್ಸೆಂಟ್. ಅವನು ಬಳ್ಳಾರಿಯಲ್ಲಿ ರಾತ್ರಿ ತಂಗಿ ಮರುದಿನ ಮದರಾಸನ್ನು ಸೇರಿದನು. ಈ ಸೇವೆಗೆ ಬಳಸಿದ ‘ಪುಸ್ ಮಾತ್’ ಎಂಬ ಒಂಟಿ ಎಂಜಿನ್ನಿನ ವಿಮಾನದ ವೇಗ ಗಂಟೆಗೆ ಸುಮಾರು 100 ಮೈಲಿ.

ಮುಂಬಯಿಯಿಂದ ಬಳ್ಳಾರಿಗೆ ನೇರವಾದ ದೂರ ಸುಮಾರು 610 ಕಿಲೋಮೀಟರು. ಆ ವೇಗದಲ್ಲಿ ನಾಲ್ಕು ಗಂಟೆಗಳೊಳಗೆ ಮುಗಿಯುವ ಹಾರಾಟ. ಹಾಗಿದ್ದರೂ ಟಪಾಲು ಮದರಾಸನ್ನು ಮುಟ್ಟಿದುದು ಮರುದಿನ. ಏಕೆಂದರೆ ರಾತ್ರಿಯ ಹಾರಾಟಕ್ಕೆ ಬೇಕಾದ ದೀಪಗಳಾಗಲಿ, ದಾರಿ ತೋರುವ ರೇಡಿಯೋ ಸಾಧನಗಳಾಗಲಿ ಆ ಮಾರ್ಗದಲ್ಲಿರಲಿಲ್ಲ. ಸೂರ್ಯನು ಮುಳುಗಿದಲ್ಲಿಗೆ ವಿಮಾನದ ಗಡಿಯಾರವೂ ನಿಲ್ಲುತ್ತಿದ್ದಿತು. ಹಾರಾಟದ ಕಾಲವನ್ನು ಯಂತ್ರದ ವೇಗವೊಂದೇ ನಿರ್ಧರಿಸದು; ನೆಲದ ಮೇಲಿನ ಏರ್ಪಾಡುಗಳು ಅದರಲ್ಲಿ ಸಮಭಾಗಿಗಳು ಎಂಬ ಪಾಠವನ್ನು ಬಳ್ಳಾರಿಯ ಆ ರಾತ್ರಿ ಕಲಿಸುತ್ತದೆ. ಬಜಪೆಯ ಚರಿತ್ರೆಯುದ್ದಕ್ಕೂ ಇದೇ ಪಾಠ ಮತ್ತೆ ಮತ್ತೆ ಕಂಡುಬರುತ್ತದೆ.

3

ಬಜಪೆಯ ವಿಮಾನ ನಿಲ್ದಾಣವು 1951ನೆಯ ಇಸವಿ ದಶಂಬರ 25ರಂದು ಆರಂಭವಾಯಿತು. ಪ್ರಧಾನ ಮಂತ್ರಿ ಜವಾಹರಲಾಲ್ ನೆಹರೂ ಅವರು ಅಂದು ಡಗ್ಲಾಸ್ ಡಿ.ಸಿ.–3 ವಿಮಾನದಲ್ಲಿ ಬಂದು ಇಲ್ಲಿ ಇಳಿದರು. ‘ಡಕೋಟಾ’ ಎಂದು ಜನಜನಿತವಾಗಿದ್ದ ಈ ವಿಮಾನವೇ ಯುದ್ಧಾನಂತರದ ಭಾರತದಲ್ಲಿ ಊರು ಊರುಗಳನ್ನು ಜೋಡಿಸಿದ ವಾಹನ.

ನಿಲ್ದಾಣಕ್ಕೆ ನಗರದಿಂದ ಸುಮಾರು 13 ಕಿಲೋಮೀಟರ್ ದೂರದ ಗುಡ್ಡವೊಂದರ ನೆತ್ತಿಯು ಆಯ್ಕೆಯಾದುದನ್ನು ಅರಿಯಲು ಈ ಜಿಲ್ಲೆಯ ಭೂರಚನೆಯನ್ನು ನೋಡಬೇಕು. ಕಡಲಿಗೂ ಘಟ್ಟಕ್ಕೂ ನಡುವಣ ಈ ಪ್ರದೇಶದಲ್ಲಿ ವಿಸ್ತಾರವಾದ ಬಯಲೆಂಬುದು ಅಪರೂಪ. ತಗ್ಗಿನಲ್ಲಿ ಗದ್ದೆಗಳು, ತೋಟಗಳು, ಹೊಳೆಗಳು. ಮೇಲೆ ಮುರಕಲ್ಲಿನ ಗುಡ್ಡಗಳು. ಫಲವತ್ತಾದ ಬೈಲುಗದ್ದೆಯಲ್ಲಿ ಮಳೆಗಾಲದ ನೀರು ನಿಲ್ಲುತ್ತದೆ. ಗುಡ್ಡದ ನೆತ್ತಿಯಾದರೋ ಗಟ್ಟಿಯಾದುದು, ನೀರು ಹರಿದುಹೋಗುವಂತಹುದು, ಬಹುಮಟ್ಟಿಗೆ ಸಮತಟ್ಟಾದುದು. ಹೀಗೆ ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಎತ್ತರದಲ್ಲಿ, ಸುತ್ತಲೂ ಕಣಿವೆಯಿರುವ ಮೇಜಿನಂತಹ ನೆಲದ ಮೇಲೆ ಓಡುದಾರಿ ಸಿದ್ಧವಾಯಿತು. ಇಲ್ಲಿನ ಹಳೆಯ ಓಡುದಾರಿಯ ಉದ್ದ 1,615 ಮೀಟರು. ಮೇಜಿಗೆ ಅಂಚು ಇರುವಂತೆ ಈ ದಾರಿಗೂ ಅಂಚು ಇದ್ದಿತು, ಅದರಾಚೆ ಪ್ರಪಾತ. ಎಂತಹ ವಿಮಾನ, ಎಷ್ಟು ಭಾರ ಹೊತ್ತು, ಎಂತಹ ಹವೆಯಲ್ಲಿ ಇಲ್ಲಿ ಇಳಿಯಬಹುದು ಎಂಬುದನ್ನು ಆ ಉದ್ದವೇ ಮುಂದಿನ ಐದು ದಶಕಗಳ ಕಾಲ ನಿರ್ಣಯಿಸಿತು.

ಡಕೋಟಾದ ಸಾಧಾರಣ ವೇಗ ಗಂಟೆಗೆ ಸುಮಾರು 300 ಕಿಲೋಮೀಟರು. 712 ಕಿಲೋಮೀಟರುಗಳನ್ನು ಈ ವೇಗದಿಂದ ಭಾಗಿಸಿದರೆ ಎರಡು ಗಂಟೆ ಇಪ್ಪತ್ತು ನಿಮಿಷಗಳಷ್ಟಾಗುತ್ತದೆ. ಏರಿಳಿತಗಳಿಗೆ ಇನ್ನಷ್ಟು ಹೊತ್ತನ್ನು ಕೂಡಿಸಿದರೂ ರೈಲಿನ ಎರಡು ದಿನಗಳ ಎದುರಿಗೆ ಇದು ಅದ್ಭುತವೇ ಸರಿ. ಮಳೆಗಾಲದ ಕಡಲಾಗಲಿ, ಸೇತುವೆಯಿಲ್ಲದ ಹೊಳೆಯಾಗಲಿ ಈ ದಾರಿಗೆ ಅಡ್ಡಬರಲಿಲ್ಲ. ಮೇಲೆ ಹೇಳಿದ ತಂತಿ ಹಿಡಿದ ಮಗನು ಬೆಳಗ್ಗೆ ಹೊರಟು ಅದೇ ದಿನ ತಂದೆಯ ಮುಖವನ್ನು ಕಾಣುವುದು ಮೊದಲ ಬಾರಿಗೆ ಸಾಧ್ಯವಾಯಿತು. ಆದರೆ ಈ ಸಾಧ್ಯತೆಗೆ ಎರಡು ಷರತ್ತುಗಳಿದ್ದುವು. ಡಕೋಟಾದಲ್ಲಿದ್ದ ಆಸನಗಳು ಇಪ್ಪತ್ತೆಂಟನ್ನು ಮೀರುತ್ತಿರಲಿಲ್ಲ. ಅವುಗಳಲ್ಲೊಂದನ್ನು ಕೊಳ್ಳುವ ಶಕ್ತಿ ಹೋಟೆಲಿನ ಯಜಮಾನನಿಗೆ ಇದ್ದರೂ ಅದೇ ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗನಿಗೆ ಇರಲಿಲ್ಲ. ಊರು ಹತ್ತಿರವಾಯಿತೆಂಬ ಮಾತು ಮುಂಬಯಿಯ ಕನ್ನಡಿಗರಲ್ಲಿ ಕೆಲವರಿಗೆ ಮಾತ್ರ ಅನ್ವಯಿಸುತ್ತಿದ್ದಿತು.

4

1953ನೆಯ ಇಸವಿ ಆಗಸ್ಟ್ 1ರಂದು ದೇಶದ ಒಳನಾಡಿನ ವಿಮಾನ ಸಂಸ್ಥೆಗಳೆಲ್ಲವೂ ಇಂಡಿಯನ್ ಏರ್‌ಲೈನ್ಸ್ ಎಂಬ ಒಂದೇ ಸರಕಾರಿ ನಿಗಮದಲ್ಲಿ ಸೇರಿದುವು. ಆ ನಿಗಮಕ್ಕೆ 1967ರಲ್ಲಿ, ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯು ಕಾನಪುರದಲ್ಲಿ ನಿರ್ಮಿಸಿದ ‘ಆವ್ರೋ’ ವಿಮಾನಗಳು ಬಂದುವು. 1970ರ ದಶಕದ ಮೊದಲಿನಲ್ಲಿ ಬೋಯಿಂಗ್ 737 ಜೆಟ್ಟುಗಳು ಬಂದುವು. ಬಜಪೆಯ ಚಿಕ್ಕ ಓಡುದಾರಿಯಲ್ಲಿಯೂ ಕಾಲಾನುಕ್ರಮದಲ್ಲಿ ಇವೆರಡೂ ಇಳಿದುವು.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಗಮನಿಸಬೇಕು. ಆವ್ರೋ ವಿಮಾನದ ವೇಗವನ್ನು ಗಂಟೆಗೆ 450 ಕಿಲೋಮೀಟರ್ ಎಂದು ಹಿಡಿದರೆ ಈ ದೂರಕ್ಕೆ ಸುಮಾರು ಒಂದು ಗಂಟೆ ಮೂವತ್ತೈದು ನಿಮಿಷ. ಜೆಟ್ಟಿನ ವೇಗವನ್ನು 800 ಕಿಲೋಮೀಟರ್ ಎಂದು ಹಿಡಿದರೆ ಐವತ್ತಮೂರು ನಿಮಿಷ. ಆದರೆ ಜೆಟ್ಟು ವಿಮಾನಗಳ ವೇಳಾಪಟ್ಟಿಯಲ್ಲಿ ಮುಂಬಯಿ–ಮಂಗಳೂರು ಪ್ರಯಾಣಕ್ಕೆ ಇಟ್ಟಿರುವ ಕಾಲ ಸುಮಾರು ಒಂದೂವರೆ ಗಂಟೆ. ಲೆಕ್ಕದ ಐವತ್ತಮೂರು ನಿಮಿಷಕ್ಕೂ ಪಟ್ಟಿಯ ತೊಂಬತ್ತು ನಿಮಿಷಕ್ಕೂ ನಡುವಣ ವ್ಯತ್ಯಾಸ ಎಲ್ಲಿಂದ ಬಂದಿತು? ವೇಳಾಪಟ್ಟಿಯ ಕಾಲವನ್ನು ವಿಮಾನವು ತಂಗುದಾಣವನ್ನು ಬಿಟ್ಟ ಕ್ಷಣದಿಂದ ಇನ್ನೊಂದು ತಂಗುದಾಣದಲ್ಲಿ ನಿಂತ ಕ್ಷಣದವರೆಗೆ ಎಣಿಸುತ್ತಾರೆ. ಓಡುದಾರಿಯ ತುದಿಗೆ ಸಾಗುವ ಹೊತ್ತು, ಸರದಿಗಾಗಿ ಕಾಯುವ ಹೊತ್ತು, ನಿಧಾನವಾಗಿ ಮೇಲೇರುವ ಮತ್ತು ಕೆಳಗಿಳಿಯುವ ಹೊತ್ತು, ಓಡುದಾರಿಯ ದಿಕ್ಕಿಗೆ ಸರಿಯಾಗಿ ಬಳಸಿ ಬರುವ ಹೊತ್ತು, ಇವೆಲ್ಲವೂ ಅದರಲ್ಲಿ ಸೇರುತ್ತವೆ. ಸಾಂತಾಕ್ರೂಜಿನ ಎರಡು ಓಡುದಾರಿಗಳು ಒಂದನ್ನೊಂದು ಕತ್ತರಿಸುವುದರಿಂದ ಅವೆರಡನ್ನೂ ಒಟ್ಟಿಗೆ ಸ್ವತಂತ್ರವಾಗಿ ಬಳಸಲಾಗದು. ವಿಮಾನಗಳು ಹೆಚ್ಚಿದಂತೆಲ್ಲ ಅಲ್ಲಿನ ಸರದಿಯೂ ಬೆಳೆಯಿತು. ಯಂತ್ರವು ಉಳಿಸಿಕೊಟ್ಟ ನಿಮಿಷಗಳಲ್ಲಿ ಒಂದು ಭಾಗವನ್ನು ನಿಲ್ದಾಣವು ಮರಳಿ ತೆಗೆದುಕೊಂಡಿತು.

ಮನೆಯಿಂದ ಮನೆಗೆ ಲೆಕ್ಕ ಹಾಕಿದರೆ ಈ ಮಾತು ಇನ್ನೂ ವಿಶದವಾಗುತ್ತದೆ. ಮುಂಬಯಿಯ ಉಪನಗರದಿಂದ ನಿಲ್ದಾಣವನ್ನು ಸೇರಲು, ಅಲ್ಲಿ ತಪಾಸಣೆ ಮುಗಿಸಿ ಕಾಯಲು, ಬಜಪೆಯಲ್ಲಿ ಇಳಿದು ಕುಂದಾಪುರದ ಕಡೆಗೋ ಪುತ್ತೂರಿನ ಕಡೆಗೋ ಸಾಗಲು ತಗಲುವ ಹೊತ್ತು ಹಾರಾಟದ ಹೊತ್ತಿಗಿಂತ ಎಷ್ಟೋ ಹೆಚ್ಚು. ಡಕೋಟಾದಿಂದ ಜೆಟ್ಟಿಗೆ ಬಂದಾಗ ಆಕಾಶದಲ್ಲಿ ಉಳಿದುದು ಹೆಚ್ಚೆಂದರೆ ಒಂದೂವರೆ ಗಂಟೆ. ನೆಲದ ಮೇಲೆ ಆ ಉಳಿತಾಯದ ಬಹುಭಾಗ ಕರಗಿಹೋಯಿತು.

5

ಕರಾವಳಿಯ ಬಹುಜನರ ಪಾಲಿಗೆ ಕಾಲವನ್ನು ನಿಜವಾಗಿ ಕಡಿಮೆ ಮಾಡಿದುದು ವಿಮಾನವಲ್ಲ, ರೈಲು. ಮಂಗಳೂರಿನವರೇ ಆದ, ಮುಂಬಯಿಯ ಕಾರ್ಮಿಕ ಚಳವಳಿಯಲ್ಲಿ ಬೆಳೆದ ಜಾರ್ಜ್ ಫರ್ನಾಂಡಿಸ್ ಅವರು ರೈಲ್ವೆ ಮಂತ್ರಿಗಳಾಗಿದ್ದ ಕಾಲದಲ್ಲಿ ಕೊಂಕಣ ರೈಲ್ವೆಯ ಯೋಜನೆಗೆ ಚಾಲನೆ ದೊರೆಯಿತು. 1990ರಲ್ಲಿ ನಿಗಮ ಸ್ಥಾಪನೆಯಾಗಿ, ಇ. ಶ್ರೀಧರನ್ ಅವರ ನೇತೃತ್ವದಲ್ಲಿ ಕೆಲಸ ನಡೆಯಿತು. ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನ ತನಕ 741 ಕಿಲೋಮೀಟರ್ ಉದ್ದದ ಈ ಮಾರ್ಗವು 1998ರ ಜನವರಿ 26ರಂದು ಪೂರ್ಣವಾಗಿ ಸಂಚಾರಕ್ಕೆ ತೆರೆಯಿತು. ಗುಡ್ಡಗಳನ್ನು ಕೊರೆದ ಸುರಂಗಗಳು ಸುಮಾರು ತೊಂಬತ್ತು. ಹೊಳೆ ಹಳ್ಳಗಳ ಸೇತುವೆಗಳಿಗಂತೂ ಲೆಕ್ಕ ಸಾವಿರಗಳಲ್ಲಿ.

ಇದರಿಂದ ಮುಂಬಯಿ–ಮಂಗಳೂರು ರೈಲು ದೂರವು ಸುಮಾರು 2,040 ಕಿಲೋಮೀಟರುಗಳಿಂದ ಸುಮಾರು 914 ಕಿಲೋಮೀಟರುಗಳಿಗೆ ಇಳಿಯಿತು. ಪ್ರಯಾಣದ ಕಾಲವು 41 ಗಂಟೆಗಳಿಂದ ಸುಮಾರು 15 ಗಂಟೆಗಳಿಗೆ ಬಂದಿತು. ನಕ್ಷೆಯಲ್ಲಿ ನೋಡಿದರೆ ಹೊಸ ರೈಲು ದಾರಿಯು ಬಹು ದೂರದವರೆಗೆ ಡಕೋಟಾದ ಸರಳರೇಖೆಯ ನೆರಳಿನಂತೆ ಸಾಗುತ್ತದೆ. ಸಾವಂತವಾಡಿ, ಗೋವೆ, ಕಾರವಾರ, ಭಟ್ಕಳ, ಉಡುಪಿ: ವಿಮಾನವು 1951ರಲ್ಲಿ ಮೇಲೆ ಹಾದುಹೋದ ನಾಡನ್ನು ನೆಲದ ಮೇಲೆ ದಾಟಲು ರೈಲಿಗೆ ನಾಲ್ವತ್ತಾರು ವರ್ಷಗಳು ಬೇಕಾದುವು. ವಿಮಾನವು ಎರಡು ತುದಿಗಳನ್ನು ಮಾತ್ರ ಜೋಡಿಸಿದ್ದಿತು; ರೈಲು ನಡುವಿನ ಊರುಗಳನ್ನೂ ಜೋಡಿಸಿತು. ಲೋಟ ತೊಳೆಯುವ ಹುಡುಗನೂ ಸಂಜೆ ಹೊರಟು ಮರುದಿನ ಬೆಳಗ್ಗೆ ಊರನ್ನು ಸೇರಬಹುದಾಯಿತು.

6

ಇತ್ತ ಬಜಪೆಯಲ್ಲಿ 2,450 ಮೀಟರ್ ಉದ್ದದ ಎರಡನೆಯ ಓಡುದಾರಿ 2006ರಲ್ಲಿ ಬಳಕೆಗೆ ಬಂದಿತು. ಅದೇ ವರ್ಷ ಕೊಲ್ಲಿ ರಾಷ್ಟ್ರಗಳಿಗೆ ನೇರವಾದ ವಿಮಾನಗಳು ಪ್ರಾರಂಭವಾದುವು. ಅದುವರೆಗೆ ದುಡಿಮೆಗಾಗಿ ಅರಬ ನಾಡುಗಳಿಗೆ ಹೋಗುತ್ತಿದ್ದ ಕರಾವಳಿಯವರಲ್ಲಿ ಬಹುಮಂದಿಗೆ ಮುಂಬಯಿಯೇ ಹೆಬ್ಬಾಗಿಲಾಗಿದ್ದಿತು. ಬಸ್ಸಿನಲ್ಲಿಯೋ ರೈಲಿನಲ್ಲಿಯೋ ಬಂದು, ನಂಟರ ಕೋಣೆಯಲ್ಲಿ ತಂಗಿ, ಕಾಗದಪತ್ರಗಳನ್ನು ಸರಿಪಡಿಸಿಕೊಂಡು ಸಾಂತಾಕ್ರೂಜಿನತ್ತ ಹೊರಡುತ್ತಿದ್ದರು. ನೇರ ವಿಮಾನ ಬಂದ ಮೇಲೆ ಆ ತಂಗುವಿಕೆಯ ಅಗತ್ಯ ಕಡಿಮೆಯಾಯಿತು. ಮುಂಬಯಿಗೂ ಮಂಗಳೂರಿಗೂ ನಡುವಣ ದೂರ ಹೆಚ್ಚಲಿಲ್ಲ. ಆದರೆ ಮಂಗಳೂರು ಮುಂಬಯಿಯನ್ನು ಅವಲಂಬಿಸುವುದು ಆ ಮಟ್ಟಿಗೆ ತಗ್ಗಿತು.

ಹೊಸ ಓಡುದಾರಿಯು ಹಳೆಯದಕ್ಕಿಂತ ಉದ್ದವಾಗಿದ್ದರೂ ಅದೂ ಮೇಜಿನ ಮೇಲಿನದೇ. ಅಂಚಿನ ಅಪಾಯವು ಹೊಸದಾಗಿರಲಿಲ್ಲ. 1981ರ ಆಗಸ್ಟ್ 19ರಂದು ಆವ್ರೋ ವಿಮಾನವೊಂದು ಹಳೆಯ ಓಡುದಾರಿಯನ್ನು ಮೀರಿ ಅಂಚಿನಲ್ಲಿ ನಿಂತಿದ್ದಿತು. ಅಂದು ಯಾರಿಗೂ ಪ್ರಾಣಹಾನಿಯಾಗಲಿಲ್ಲ. 2010ರ ಮೇ 22ರ ಬೆಳಗ್ಗೆ ಆ ಅದೃಷ್ಟ ಇರಲಿಲ್ಲ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಹೊಸ ಓಡುದಾರಿಯ ಸುಮಾರು ಮೂರನೆಯ ಎರಡು ಭಾಗ ಕಳೆದ ಮೇಲೆ ನೆಲವನ್ನು ಮುಟ್ಟಿ, ನಿಲ್ಲಲಾರದೆ, ಆಚೆಯ ಕಣಿವೆಗೆ ಬಿದ್ದು ಉರಿಯಿತು. ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಮಡಿದರು. ಬದುಕಿದವರು ಎಂಟು ಮಂದಿ. ಇಳಿಯುವ ಕ್ರಮವು ಸರಿಯಾಗಿಲ್ಲವೆಂದು ಕಂಡಾಗ ಅದನ್ನು ಕೈಬಿಟ್ಟು ಮತ್ತೆ ಮೇಲೇರದೆ ಹೋದುದೇ ಮುಖ್ಯ ಕಾರಣವೆಂದು ವಿಚಾರಣೆಯಲ್ಲಿ ತೀರ್ಮಾನವಾಯಿತು.

ಹಾಗೆ ಮೇಲೇರಿ ಇನ್ನೊಂದು ಸುತ್ತು ಬರಲು ಬೇಕಾಗುವುದು ಕೆಲವೇ ನಿಮಿಷಗಳು. ಅದು ಮುಂಬಯಿಯಿಂದ ಬಂದ ವಿಮಾನವಲ್ಲವಾದರೂ ಈ ಸಂಗತಿಯು ಬಜಪೆಗೆ ಬರುವ ಎಲ್ಲ ಹಾರಾಟಗಳಿಗೂ ಸಂಬಂಧಿಸಿದ್ದು. ಮಳೆಗಾಲದಲ್ಲಿ ಗುಡ್ಡವನ್ನು ಮೋಡ ಮುಸುಕಿದಾಗ ಮುಂಬಯಿಯ ವಿಮಾನವೂ ಆಕಾಶದಲ್ಲಿ ಸುತ್ತು ಹಾಕಬೇಕಾಗುತ್ತದೆ. ಕೆಲವೊಮ್ಮೆ ಬೇರೆ ಊರಿಗೆ ಹೋಗಿ ಇಳಿಯಬೇಕಾಗುತ್ತದೆ. ತಡವಾಯಿತೆಂದು ಪ್ರಯಾಣಿಕರು ಗೊಣಗುವುದುಂಟು. ಹಾರಾಟದ ಕಾಲವನ್ನು ಲೆಕ್ಕ ಹಾಕುವಾಗ ಆ ನಿಮಿಷಗಳನ್ನು ನಷ್ಟದ ಕಡೆಗೆ ಬರೆಯತಕ್ಕುದಲ್ಲವೆಂಬುದನ್ನು 158 ಮಂದಿಯ ಮರಣವು ನೆನಪಿಸುತ್ತದೆ.

7

ಮೇಲಿನ ವಿವರಗಳಿಂದ ಕೆಲವು ನಿರ್ಣಯಗಳು ಸಿದ್ಧಿಸುತ್ತವೆ. ಮುಂಬಯಿ–ಬಜಪೆಗಳ ನಡುವಣ ಹಾರಾಟದ ಕಾಲವು ಯಂತ್ರದ ವೇಗದೊಂದಿಗೆ ನೆಲದ ಗುಣ, ಓಡುದಾರಿಯ ಉದ್ದ, ನಿಲ್ದಾಣದ ಸರದಿ, ಮಳೆಗಾಲದ ಮೋಡ ಇವುಗಳಿಂದಲೂ ನಿಶ್ಚಿತವಾಗಿದೆ. ಆಕಾಶದ ಸರಳರೇಖೆಯು 1951ರಲ್ಲಿಯೇ ಲಭ್ಯವಾದರೂ ಅದರ ಫಲವು ಎಲ್ಲರಿಗೂ ಒಂದೇ ಕಾಲಕ್ಕೆ ಸಿಗಲಿಲ್ಲ. ಬಹುಜನರಿಗೆ ಊರು ಹತ್ತಿರವಾದುದು 1998ರಲ್ಲಿ, ನೆಲದ ದಾರಿಯಿಂದ. ಜನರನ್ನು ಬೇರ್ಪಡಿಸಿದ್ದುದರಲ್ಲಿ ಪ್ರಕೃತಿಗೆ ಎಷ್ಟು ಪಾಲೋ ರಾಜ್ಯಗಳ ಎಲ್ಲೆಗಳಿಗೂ ಟಿಕೇಟಿನ ಬೆಲೆಗೂ ಅಷ್ಟೇ ಪಾಲು ಇದ್ದಿತು.

ಈ ಚರಿತ್ರೆಯ ಇನ್ನೊಂದು ಮುಖವನ್ನು ಬರೆಯುವುದಕ್ಕೆ ಬೇಕಾದ ಸಾಮಗ್ರಿಯು ಮುಂಬಯಿಯ ಕನ್ನಡ ಮನೆಗಳಲ್ಲಿಯೇ ಇದೆ. ಹಳೆಯ ಹಡಗಿನ ಚೀಟಿ, ಡಕೋಟಾದ ಟಿಕೇಟು, ರೈಲಿನ ವೇಳಾಪಟ್ಟಿ, ಊರಿನಿಂದ ಬಂದ ತಂತಿ, ‘ಹೊರಟಿದ್ದೇನೆ, ಕಾಯಿರಿ’ ಎಂದು ಬರೆದ ಕಾಗದ ಮೊದಲಾದುವು ಪೆಟ್ಟಿಗೆಗಳ ತಳದಲ್ಲಿ ಬಣ್ಣಗೆಟ್ಟು ಬಿದ್ದಿವೆ. ಯಾರು ಯಾವ ವರ್ಷ ಯಾವ ದಾರಿಯಲ್ಲಿ ಎಷ್ಟು ಹೊತ್ತಿನಲ್ಲಿ ಊರನ್ನು ಮುಟ್ಟಿದರು, ಯಾರು ಮುಟ್ಟದೆ ಹೋದರು ಎಂಬುದನ್ನು ಹೇಳಬಲ್ಲ ಹಿರಿಯರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ. ಕನ್ನಡ ಸಂಘಗಳು ಈ ಕಾಗದಗಳನ್ನೂ ಈ ನೆನಪುಗಳನ್ನೂ ತಡಮಾಡದೆ ಸಂಗ್ರಹಿಸಿ ಇಡುವುದು ಅವಶ್ಯವಾಗಿದೆ.